ಎತ್ತಿದ ಕೈಯ ಎತ್ತರ

ನಮ್ಮ ಊರಿನ ಆಟದ ಅಂಗಳಕ್ಕೆ ರಸ್ತೆಯಿಂದ ನೇರವಾಗಿ ನಡೆದುಹೋಗಿ ಕುಳಿತುಬಿಡಬಹುದು. ಒಂದು ಮೆಟ್ಟಿಲೂ ಹತ್ತಬೇಕಾಗಿಲ್ಲ, ಒಂದು ಮೆಟ್ಟಿಲೂ ಇಳಿಯಬೇಕಾಗಿಲ್ಲ. ಇದನ್ನೇ ಮೊದಲು ಹೇಳುತ್ತಿರುವುದಕ್ಕೆ ಕಾರಣ ನನ್ನ ಮೊಣಕಾಲು. ಎಪ್ಪತ್ತೆಂಟು ವರ್ಷದ ಮೊಣಕಾಲಿಗೆ ಊರಿನ ಎಷ್ಟು ಜಾಗಗಳು ಒಂದೊಂದಾಗಿ ದೂರವಾಗುತ್ತವೆ ಎಂಬುದು ಆ ವಯಸ್ಸಿಗೆ ಬಂದವರಿಗೇ ಗೊತ್ತು. ಈ ಅಂಗಳ ಮಾತ್ರ ದೂರವಾಗಲಿಲ್ಲ.

ಅಂಗಳ ಇರುವುದು ನೆಲದಿಂದ ಹತ್ತಿರ ಹತ್ತಿರ ನಾಲ್ಕಾಳುದ್ದ ಕೆಳಗೆ. ಊರವರು ಅದನ್ನು ತಗ್ಗು ಎಂದೇ ಕರೆಯುತ್ತಾರೆ. ಹೊರಗಿನಿಂದ ಬಂದವರು ಅಂಚಿನಲ್ಲಿ ನಿಂತು ಕೆಳಗೆ ನೋಡಿ, ಆಡುವ ಜಾಗವನ್ನು ಯಾಕೆ ಇಷ್ಟು ಆಳದಲ್ಲಿ ಮಾಡಿದ್ದೀರಿ ಎಂದು ಕೇಳುತ್ತಾರೆ. "ಚಂಡು ತಿರುಗಿ ಬರಬೇಕಲ್ರಿ," ಎಂದು ನಮ್ಮವರು ಹೇಳುತ್ತಾರೆ. ಕೇಳಿದವರಿಗೆ ಅರ್ಥವಾಗುವುದಿಲ್ಲ. ನಮ್ಮವರಿಗೆ ಅದಕ್ಕಿಂತ ಹೆಚ್ಚು ಹೇಳಲು ಏನಿದೆ ಎಂದು ತಿಳಿಯುವುದಿಲ್ಲ.

ನಮ್ಮಲ್ಲಿ, ಊರಿನ ನೆಲದ ಮೇಲೆ ಒಬ್ಬ ಆಳು ಕೈಯೆತ್ತಿ ನಿಂತರೆ ಎಷ್ಟು ಎತ್ತರವೋ ಅದನ್ನು ಮೀರಿ ಕೈಬಿಟ್ಟು ಹೋದದ್ದು ಮರಳುವುದಿಲ್ಲ. ಮೇಲಕ್ಕೇ ಹೋಗುತ್ತದೆ, ಅವಸರವಿಲ್ಲದೆ, ನೆಂಟರ ಮನೆಗೆ ಹೊರಟವರ ಹಾಗೆ. ಮಳೆ ಮಾತ್ರ ಇಳಿಯುತ್ತದೆ. ಅದು ಹೇಗೆ ಎಂದು ನನಗೆ ಗೊತ್ತಿಲ್ಲ, ಇಳಿಯುತ್ತದಲ್ಲ ಎಂಬುದೇ ಸಾಕು. ಹುಣಸೆಹಣ್ಣು ಬಡಿಯುವ ಕಾಲದಲ್ಲಿ ನಾವು ಮರದ ಬುಡದಲ್ಲಿ ಚಾಪೆ ಹಾಸುವುದಿಲ್ಲ, ಅದರ ನೆತ್ತಿಯ ಮೇಲೆ ಬಲೆ ಕಟ್ಟುತ್ತೇವೆ. ಮರ ಹತ್ತುವವನು ಸೊಂಟಕ್ಕೆ ಹಗ್ಗ ಸುತ್ತಿಕೊಳ್ಳುತ್ತಾನೆ. ಮದುವೆಯಲ್ಲಿ ಅಕ್ಷತೆಯನ್ನು ಮದುಮಕ್ಕಳ ಎದೆಗೆ ಎಸೆಯುತ್ತೇವೆ. ಕೂಸುಗಳನ್ನು ಮೇಲೆ ತೂರಿ ಆಡಿಸುವ ಅಪ್ಪಂದಿರು ನಮ್ಮಲ್ಲಿಲ್ಲ.

ಏನಾದರೂ ಹೋದಾಗ ನಾವು ನಡೆದುಕೊಳ್ಳುವ ಒಂದು ರೀತಿಯಿದೆ. ಗಾಳಿಗೆ ಯಾರದೋ ರುಮಾಲು ಹಾರಿತು ಎನ್ನಿ. ಸುತ್ತ ಇದ್ದವರು ಮೆಲ್ಲಗೆ "ಹೋತು" ಎನ್ನುತ್ತಾರೆ, ಕೂಡಲೇ ಬೆನ್ನು ತಿರುಗಿಸಿ ನಿಲ್ಲುತ್ತಾರೆ. ಕಳೆದುಕೊಂಡವನು ಅದನ್ನು ಕಣ್ಣಿನಿಂದ ಕಳಿಸಿಕೊಡುವಾಗ ಅವನ ಮುಖವನ್ನು ಬೇರೆಯವರು ನೋಡಬಾರದು. ಅವನು ಕೆಮ್ಮಿದ ಮೇಲೆ ಎಲ್ಲರೂ ತಿರುಗಿ ತಮ್ಮ ಮಾತು ಮುಂದುವರಿಸುತ್ತಾರೆ. ಇದನ್ನು ನಮಗೆ ಯಾರೂ ಕಲಿಸಿದ್ದಲ್ಲ, ನಡೆಯಲು ಕಲಿತ ಹಾಗೆ ಕಲಿತಿದ್ದೇವೆ.

ನಾನು ಕಾಲೇಜಿಗೆ ಹೊರಗಿನ ಪಟ್ಟಣಕ್ಕೆ ಹೋದೆ. ಮೊದಲ ವಾರ ಸಂಜೆ ವಾಲಿಬಾಲ್ ಆಡಲು ಕರೆದರು. ಎದುರಿನ ಹುಡುಗಿ ಚೆಂಡನ್ನು ಬಹಳ ಎತ್ತರಕ್ಕೆ ಹೊಡೆದಳು. ಪಾಪ, ಚೆಂಡು ಕಳೆದುಕೊಂಡಳಲ್ಲ ಎಂದು ನಾನು "ಹೋತು" ಎಂದು ಮರ್ಯಾದೆಯಿಂದ ಬೆನ್ನು ತಿರುಗಿಸಿ ನಿಂತೆ. ಅದು ಬಂದು ನನ್ನ ತುರುಬಿನ ಮೇಲೆ ಬಿತ್ತು. ಅಂಗಳವೆಲ್ಲ ನಕ್ಕಿತು. ವಾರಿಜಾ ಎಂಬ ಹುಡುಗಿ ಮಾತ್ರ ನಗಲಿಲ್ಲ. ಅವಳು ಆಮೇಲೆ ಎಷ್ಟೋ ಸಂಜೆ ನನ್ನೊಬ್ಬಳಿಗಾಗಿ ನಿಂತು ಚೆಂಡನ್ನು ಮೇಲೆ ಎಸೆದು, "ನೋಡ್ತಾ ಇರು ಕಣೇ, ಬರುತ್ತೆ. ನೋಡಿದ್ಯಾ, ಬಂತು," ಎಂದು ಹೇಳಿಕೊಟ್ಟಳು. ಯಾಕೆ ಹೀಗೆ ಎಂದು ಒಮ್ಮೆಯೂ ಕೇಳಲಿಲ್ಲ.

ಓದು ಮುಗಿಸಿ ನಮ್ಮೂರಿನ ಹೆಣ್ಣುಮಕ್ಕಳ ಶಾಲೆಗೆ ಟೀಚರಾಗಿ ಬಂದೆ. ನಮ್ಮ ಕಡೆ ಟೀಚರನ್ನು ಅಕ್ಕೋರು ಎನ್ನುತ್ತಾರೆ. ಸುತ್ತಲ ಏಳು ಊರುಗಳ ಶಾಲೆಗಳು ಸೇರಿ ವರ್ಷಕ್ಕೊಮ್ಮೆ ವಾಲಿಬಾಲ್ ಪಂದ್ಯ ನಡೆಸುತ್ತಿದ್ದವು. ನಾನು ನಮ್ಮದನ್ನೂ ಸೇರಿಸಿದೆ. ಮನೆಯೊಳಗೆ, ಸೂರಿನ ಕೆಳಗೆ ಅಭ್ಯಾಸ ಮಾಡಿಸಿ, ಪಂದ್ಯಕ್ಕೆ ಹೊರಗೆ ಕರೆದುಕೊಂಡು ಹೋಗುತ್ತಿದ್ದೆ. ಎರಡು ವರ್ಷ ಸೋತೆವು. ಚೆಂಡು ಮೇಲೆ ಹೋದ ಕೂಡಲೇ ನಮ್ಮ ಆರೂ ಹುಡುಗಿಯರು ಬೆನ್ನು ತಿರುಗಿಸಿ ನಿಲ್ಲುತ್ತಿದ್ದರು.

ಅವರಲ್ಲಿ ಶಾವಂತ್ರಿ ಎಂಬವಳಿದ್ದಳು. ನೇಕಾರರ ಮನೆಯ ಹುಡುಗಿ, ಹದಿನಾರು ವರ್ಷ, ಮಗ್ಗದಲ್ಲಿ ಕೂತು ಕೂತು ತೋಳು ಗಟ್ಟಿಯಾಗಿದ್ದವು. ಏಳು ಊರುಗಳ ಪಂದ್ಯದಲ್ಲಿ ಮೂರು ವರ್ಷ ಪೂರ್ತಿ ಆಡಿದವರಿಗೆ ವ್ಯಾಯಾಮ ಶಿಕ್ಷಕಿಯರ ತರಬೇತಿಗೆ ಸೀಟು ಸಿಗುತ್ತಿತ್ತು. ಅವಳು ಎರಡು ವರ್ಷ ಆಡಿದ್ದಳು. ಸೀಟು ಸಿಕ್ಕರೆ ಹೋಗು, ಇಲ್ಲದಿದ್ದರೆ ಬೇಸಿಗೆಗೆ ಮದುವೆ ಎಂದು ಅವಳ ಅಪ್ಪ ಹೇಳಿದ್ದ. ಕೆಟ್ಟ ಮನುಷ್ಯನಲ್ಲ. ಹೇಳಿದ ಮಾತಿಗೆ ತಪ್ಪುವವನೂ ಅಲ್ಲ.

ದಸರೆ ಮುಗಿದ ಮೇಲೆ ಪಂದ್ಯ ನಡೆಸುವವರಿಂದ ಕಾಗದ ಬಂತು. ಮೂರನೆಯ ವರ್ಷ ನಮ್ಮ ತಂಡದ ಪಂದ್ಯ ನಡೆಸುವುದು ನಮ್ಮ ಊರಿನ ಪಾಳಿ. ಮಾಘ ಮಾಸದಲ್ಲಿ ನಮ್ಮ ಅಂಗಳದಲ್ಲಿ ನಡೆಸಬೇಕು. ಎರಡು ಚೆಂಡು ಕಳಿಸಿಕೊಡುತ್ತಾರೆ, ಬೇರೆ ಚೆಂಡು ನಡೆಯುವುದಿಲ್ಲ. ಯಾವ ಕಾರಣಕ್ಕಾದರೂ ಆಟ ಅರ್ಧಕ್ಕೆ ನಿಂತರೆ ಆ ವರ್ಷ ನಮ್ಮ ಲೆಕ್ಕಕ್ಕಿಲ್ಲ. ನಾನು ಕಾಗದವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಾವಿ ತೋಡುವ ಹುಲಗಪ್ಪನ ಮನೆಗೆ ಹೋದೆ.

"ಹುಲಗಪ್ಪ, ಒಂದು ದೊಡ್ಡ ತಗ್ಗು ಬೇಕು. ನೀರು ಬರಬಾರದು," ಎಂದೆ.

ಅವನು ಎಲೆಗೆ ಸುಣ್ಣ ಸವರುತ್ತಿದ್ದವನು ಕೈ ನಿಲ್ಲಿಸಿದ. "ಏನಂದ್ರಿ ಅಕ್ಕೋರ?"

"ನೀರು ಬರಬಾರದು."

"ಮೂವತ್ತು ವರ್ಸ ಆತು, ನೀರು ಬರ್ಲಿ ಅಂತ ದೇವರಿಗೆ ಕೈಮುಗದು ಗುದ್ದಲಿ ಹಾಕೀನಿ. ಈಗ ಬರಬಾರದು ಅಂತ ಕೈಮುಗೀಲೇನು? ದೇವರು ನಗ್ತಾನ್ರಿ."

ಒಳಗಿನಿಂದ ಅವನ ತಾಯಿ ತಿಪ್ಪವ್ವ ನಗುವುದು ಕೇಳಿಸಿತು. ಅವಳಿಗೆ ಮೊಣಕಾಲು ಹಿಡಿದು ನಾಲ್ಕು ವರ್ಷವಾಗಿತ್ತು. ಹೊಸ್ತಿಲು ದಾಟುವುದೇ ಅಪರೂಪ. "ಮಾಡಿಕೊಡಪಾ," ಎಂದಳು, "ಬಿದ್ದ ಬಾವಿ ಎಷ್ಟು ತೋಡೀದಿ. ಅವು ನೀರಿಲ್ಲದವ ಅಲ್ಲೇನು?"

ಎಷ್ಟು ಆಳ ಬೇಕು ಎಂದು ತಿಳಿಯಲು ಹುಲಗಪ್ಪ ಶಾವಂತ್ರಿಯನ್ನೂ ನನ್ನನ್ನೂ ಊರಾಚೆಯ ದಿಬ್ಬಕ್ಕೆ ಕರೆದುಕೊಂಡು ಹೋದ. ಅಲ್ಲಿ ಬಂಡೆ ಒಡೆದು ತೋಡಿದ ಹಳೆಯ ಮೆಟ್ಟಿಲುಬಾವಿಯೊಂದು ಬತ್ತಿ ಬಿದ್ದಿತ್ತು, ಆಳ ಇತ್ತು, ಅಗಲ ಇರಲಿಲ್ಲ. ಹುಡುಗಿಯೂ ನಾನೂ ತಳಕ್ಕೆ ಇಳಿದೆವು. ಅವನು ದಂಡೆಯಲ್ಲಿ ಕುಳಿತು ಗಂಟು ಕಟ್ಟಿದ ಹಗ್ಗ ಇಳಿಬಿಟ್ಟ. "ಇದ್ದಷ್ಟು ಶಕ್ತಿ ಹಾಕಿ ಹೊಡಿ, ತಂಗಿ," ಎಂದ. ಶಾವಂತ್ರಿ ಹೊಡೆದಳು. ಹೊಡೆದವಳೇ "ಹೋತು" ಎಂದು ಗೋಡೆಯ ಕಡೆ ತಿರುಗಿ ನಿಂತಳು. ಚೆಂಡು ಬಂದು ಅವಳ ಬೆನ್ನಿಗೆ ಬಡಿಯಿತು.

"ಯವ್ವಾ!" ಎಂದು ಕೂಗಿದಳು. ಆಮೇಲೆ ಚೆಂಡನ್ನು ಎತ್ತಿಕೊಂಡು ತಿರುಗಿಸಿ ತಿರುಗಿಸಿ ನೋಡಿದಳು. "ಅಕ್ಕೋರ, ಇದು ಅದ ಚಂಡು ಏನ್ರಿ?"

ಹೊರಗಿನ ಊರಿನಲ್ಲಿ ಅವಳು ಇದನ್ನು ಎರಡು ವರ್ಷ ಕಂಡಿದ್ದಳು. ಆದರೆ ಅದು ಆ ಊರಿನ ಸಂಗತಿ ಎಂದುಕೊಂಡಿದ್ದಳು. ನಮ್ಮ ಊರಿನ ನೆಲದಲ್ಲಿಯೂ ಹೀಗಾಗಬಹುದು ಎಂಬುದು ಅವಳಿಗೆ ಅಂದು ಗೊತ್ತಾಯಿತು. ವಾರಿಜಾ ನನಗೆ ಹೇಳಿಕೊಟ್ಟಂತೆ ನಾನು ಅವಳಿಗೆ ಹೇಳಿಕೊಟ್ಟೆ. ಮೂರು ತಿಂಗಳು ದಿನವೂ ಆ ಬಾವಿಗೆ ಇಳಿದೆವು. ಅವಳ ಗದ್ದಕ್ಕೆ ಬೆರಳು ಕೊಟ್ಟು, ಮುಖ ಮೇಲೆ ಹಿಡಿಸಿ, "ತಿರುಗಬ್ಯಾಡ. ನೋಡು," ಎನ್ನುತ್ತಿದ್ದೆ.

ಆ ಮೊದಲ ದಿನವೇ ಹಗ್ಗದ ಗಂಟು ಎಣಿಸಿ ಹುಲಗಪ್ಪ ಹೇಳಿದ್ದ, "ಇಕಿ ಹೊಡತ ಐದಾಳು ಏರ್ತೈತ್ರಿ. ಮ್ಯಾಲ ಎತ್ತಿದ ಕೈ ಒಂದಾಳು ಸಿಗ್ತೈತಿ. ಕೆಳಗ ನಾಲ್ಕಾಳು ತೋಡಿದ್ರ ಆತು. ಖರೆ, ಊರ ನಡುವ ನಾಲ್ಕಾಳಿಗೆ ನೀರು ಐತಿ."

ದಿಬ್ಬದಲ್ಲಿ ಅಗಲವಾಗಿ ತೋಡಲು ಬಂಡೆ ಬಿಡದು, ಹಾಗಾಗಿ ಊರ ನಡುವಿನ ಬಯಲಲ್ಲೇ ಗುದ್ದಲಿ ಬಿತ್ತು. ಕಿರಾಣಿ ಅಂಗಡಿಯ ಗುರಸಿದ್ದಪ್ಪ ದಿನವೂ ಬಂದು ಅಂಚಿನಲ್ಲಿ ನಿಲ್ಲುತ್ತಿದ್ದರು. "ಛಲೋ ಆತು ಬಿಡ್ರಿ ಅಕ್ಕೋರ, ಮಳಿಗಾಲಕ್ಕ ನಮ್ಮ ಎಮ್ಮಿಗೆ ಈಜಾಕ ಜಾಗ ಆತು," ಎನ್ನುತ್ತಿದ್ದರು. ಎರಡನೆಯ ವಾರ ಒಂದು ಬೆಳಗ್ಗೆ ಅವರ ಎತ್ತಿನ ಗಾಡಿ ಬಯಲಲ್ಲಿ ನಿಂತಿತ್ತು, ಮಣ್ಣು ಹೊರಲು. ಯಾರು ಕಳಿಸಿದರು ಎಂದು ಗಾಡಿಯವನು ಹೇಳಲಿಲ್ಲ. ಅಂದೂ ಗುರಸಿದ್ದಪ್ಪ ಬಂದು ಎಮ್ಮೆಯ ಮಾತನ್ನೇ ಆಡಿ ಹೋದರು. ನೇಕಾರರು ಮಗ್ಗ ಬಿಟ್ಟ ಮೇಲೆ ಬರುತ್ತಿದ್ದರು. ಶಾವಂತ್ರಿಯ ಅಪ್ಪನೂ ಬುಟ್ಟಿ ಹೊರುತ್ತಿದ್ದ. ಬುಟ್ಟಿಯನ್ನು ತಲೆಗಿಂತ ಮೇಲೆ ಎತ್ತಿ ಕೊಡಬಾರದಲ್ಲ, ಅದಕ್ಕೆ ಹೆಂಗಸರು ಸಾಲಾಗಿ ಕುಳಿತು ತೊಡೆಯಿಂದ ತೊಡೆಗೆ ದಾಟಿಸುತ್ತಿದ್ದರು.

ತೆಗೆದ ಮಣ್ಣನ್ನು ಊರಾಚೆ ಹಾಕಿಸೋಣ ಎಂದು ನಾನು ಹೇಳಿದೆ. ಹುಲಗಪ್ಪ ಒಪ್ಪಲಿಲ್ಲ. "ಯಾಕ ದಂಡ ಮಾಡ್ತೀರಿ? ತಗ್ಗಿನ ಸುತ್ತನ ಒಡ್ಡು ಹಾಕೋಣು. ತಗ್ಗಿನ ಗ್ವಾಡಿಗೆ ಮೆಟ್ಟಿಲು ಕಡಿತೀನಿ, ಒಡ್ಡಿಗೂ ಮೆಟ್ಟಿಲು ಕಡಿತೀನಿ. ಬಾಗಲಾ ನಡುವ ಇಡೂದು. ಅರ್ಧ ಮಂದಿ ಇಳದು ಕುಂದರ್ತಾರ, ಅರ್ಧ ಮಂದಿ ಏರಿ ಕುಂದರ್ತಾರ. ಯಾರಿಗೂ ಪೂರಾ ಹತ್ತೂದು ಇಲ್ಲ, ಪೂರಾ ಇಳಿಯೂದು ಇಲ್ಲ. ಕಂಬ ಬ್ಯಾಡ, ಹಲಗಿ ಬ್ಯಾಡ, ಭೂಮಿನ ಹೊತ್ಕೊಂಡು ಕುಂದರ್ತೈತಿ ಎಲ್ಲಾರನೂ."

ಅದು ಎಷ್ಟು ಸರಿಯಾದ ಮಾತು ಎಂದು ನನಗೆ ಆಗ ಹೊಳೆಯಲಿಲ್ಲ. ನನ್ನ ತಲೆಯಲ್ಲಿದ್ದದ್ದು ಆಳ ಒಂದೇ. ಪಂದ್ಯಕ್ಕೆ ಹತ್ತು ದಿನ ಇದ್ದಾಗ ಹುಲಗಪ್ಪ ತಳ ಬಿಟ್ಟು ಮೇಲೆ ಬಂದು, ರಸ್ತೆಯ ಮಟ್ಟದಲ್ಲಿ ಒಂದು ಅಗಲವಾದ ಸಾಲನ್ನು ಸಮ ಮಾಡುತ್ತ ಕುಳಿತ. ಬಾಗಿಲಿನಿಂದ ಆ ಸಾಲಿಗೆ ಹೊಸ್ತಿಲು ಕೂಡ ಇಡಲಿಲ್ಲ. ನೀರು ಚಿಮುಕಿಸಿ, ಬಡಿದು, ಅಂಗೈಯಿಂದ ಸವರಿ ನೋಡಿ, ಮತ್ತೆ ಬಡಿದು, ಎರಡು ದಿನ ಪೂರ್ತಿ ಅದರಲ್ಲೇ ಕಳೆದ. ಮೂರನೆಯ ದಿನ ತಳಕ್ಕೆ ಇಳಿದು ಅಗೆದವನು ಒಂದು ಹಿಡಿ ಮಣ್ಣು ತಂದು ನನ್ನ ಮುಂದೆ ಹಿಸುಕಿದ. ಅದು ಉಂಡೆಯಾಯಿತು.

"ಹಸಿ ಬಂತ್ರಿ. ಇನ್ನ ಒಂದು ಮೊಳ ಬಾಕಿ ಐತಿ. ಅಗದ್ರ ನೀರು."

"ಎರಡು ದಿನ ಮೊದಲೇ ಅಗೆದಿದ್ದರೆ ಬೇರೆ ಏನಾದರೂ ಉಪಾಯ ಮಾಡಬಹುದಿತ್ತು," ಎಂದು ನಾನು ಎಲ್ಲರ ಎದುರಿಗೆ ದನಿ ಏರಿಸಿದೆ. "ಆ ಮೇಲಿನ ಸಾಲು ಸವರುತ್ತ ಕೂತಿ. ಒಂದು ಮೊಳಕ್ಕೆ ಆ ಹುಡುಗಿಯ ಬದುಕು ನಿಂತಿದೆ, ಗೊತ್ತೇನು?"

"ಗೊತ್ರಿ," ಎಂದ. ಮಣ್ಣಿನ ಉಂಡೆಯನ್ನು ಎಸೆಯದೆ ಬಗ್ಗಿ ನೆಲದ ಮೇಲಿಟ್ಟು ಹೋದ.

ಪಂದ್ಯದ ದಿನ ಬೆಳಗ್ಗೆಯೇ ಊರೆಲ್ಲ ತಗ್ಗಿನೊಳಗಿತ್ತು. ಒಡ್ಡಿನ ತುದಿಯ ಸಾಲಿನಲ್ಲಿ ರುಮಾಲನ್ನು ಬಿಗಿಯಾಗಿ ಸುತ್ತಿದವರು ಮಾತ್ರ ಕುಳಿತಿದ್ದರು. ಹುಲಗಪ್ಪ ತಾಯಿಯ ಕೈ ಹಿಡಿದು ಕರೆತಂದು ಆ ಸಮ ಮಾಡಿದ ಸಾಲಿನಲ್ಲಿ ಕೂರಿಸಿದ. ಓಹೋ, ಎರಡು ದಿನ ಹೋದದ್ದು ಇದಕ್ಕೆ, ಎಂದುಕೊಂಡೆ. ತಾಯಿಗಾಗಿ ಮಾಡಿದ್ದನ್ನು ತಪ್ಪು ಎನ್ನಲಾಗದು, ಆದರೂ ನನ್ನ ಸಿಟ್ಟು ಪೂರ್ತಿ ಇಳಿಯಲಿಲ್ಲ. ಆಟಗಾರರ ಬಳಿ ಹೋಗಲು ಧೈರ್ಯ ಸಾಲದೆ ಅವಳ ಪಕ್ಕದಲ್ಲೇ ಕುಳಿತೆ.

ಬಂದ ತಂಡದ ಹುಡುಗಿಯರು ಎತ್ತರದವರು, ಚೆಂಡನ್ನು ಎತ್ತರಕ್ಕೇ ಆಡಿ ರೂಢಿಯಾದವರು. ಒಂದು ಆಟ ಅವರು ಗೆದ್ದರು, ಒಂದು ನಾವು. ಮೂರನೆಯದರ ಮೊದಲಲ್ಲೇ ಅವರ ನಾಯಕಿ ಹೊಡೆದ ಚೆಂಡು ಓರೆಯಾಗಿ ಒಡ್ಡನ್ನು ದಾಟಿ ಹೊರಟಿತು. "ಹೋತು," ಎಂದಿತು ಊರು. ಸಾಲು ಸಾಲಾಗಿ ಎಲ್ಲರೂ ಎದ್ದು ಬೆನ್ನು ತಿರುಗಿಸಿ ನಿಂತರು. ಆ ಹುಡುಗಿ ಕತ್ತು ಮೇಲೆ ಮಾಡಿ ಕಾಯುತ್ತಲೇ ಇದ್ದಳು.

ಅವರ ಜೊತೆ ಬಂದ ಮೇಷ್ಟ್ರಿಗೆ ಗಾಬರಿ. "ಏನಾಯ್ತು? ಯಾಕೆ ಎಲ್ಲರೂ ನಮಗೆ ಬೆನ್ನು ತೋರಿಸ್ತಿದ್ದಾರೆ? ಏನು ತಪ್ಪು ಮಾಡಿದ್ವಿ?"

ಗುರಸಿದ್ದಪ್ಪ ಬೆನ್ನು ತಿರುಗಿಸಿಕೊಂಡೇ ಹೇಳಿದರು, "ತಪ್ಪು ಏನಿಲ್ರಿ ಸರ. ನಿಮ್ಮ ಹುಡಿಗಿ ಮನಸ್ಸಿಗೆ ಕೆಡಕ ಆಗಬಾರದಂತ್ರಿ. ಕೆಮ್ಮಾಕ ಹೇಳ್ರಿ, ತಿರಗತೀವಿ."

ಶಾವಂತ್ರಿ ಬಲೆಯ ಅಡಿಯಿಂದ ನುಸುಳಿ ಹೋಗಿ ಆ ಹುಡುಗಿಯ ಭುಜ ಮುಟ್ಟಿ ಏನೋ ಹೇಳಿದಳು. ಹುಡುಗಿ ಕೆಮ್ಮಿದಳು. ಊರು ತಿರುಗಿ ಕುಳಿತಿತು. ಇನ್ನು ಉಳಿದದ್ದು ಒಂದೇ ಚೆಂಡು.

ಆಟ ಕೊನೆಗೆ ಬಂತು. ಎರಡು ಕಡೆಯೂ ಸಮ. ಬಲೆಯ ಮೇಲೆ ಅವರ ನಾಯಕಿಯೂ ಶಾವಂತ್ರಿಯೂ ಒಟ್ಟಿಗೆ ಹಾರಿ, ಇಬ್ಬರೂ ಒಂದೇ ಕ್ಷಣಕ್ಕೆ ಹೊಡೆದರು. ನಡುವೆ ಸಿಕ್ಕ ಚೆಂಡು ನೆಟ್ಟಗೆ ಮೇಲಕ್ಕೆ ಚಿಮ್ಮಿತು. ಕೆಳಗಿನ ಮೆಟ್ಟಿಲುಗಳನ್ನು ಒಂದೊಂದಾಗಿ ದಾಟಿತು. ನಮ್ಮ ಸಾಲಿನ ಮಟ್ಟಕ್ಕೆ ಬಂತು. ಕುಳಿತಿದ್ದ ನನ್ನ ಕಣ್ಣಿಗೆ ನೇರವಾಗಿ ಕಂಡಿತು, ಇನ್ನೂ ಏರುತ್ತಿತ್ತು. ಆ ಒಂದು ಮೊಳ ನನ್ನ ಎದೆಯಲ್ಲಿ ಸಿಕ್ಕಿಕೊಂಡಿತು. ಸುತ್ತ ಬಟ್ಟೆಗಳ ಸರಸರ ಸದ್ದು. ಊರು ತಿರುಗುತ್ತಿತ್ತು.

ನನ್ನ ಹೆಗಲ ಮೇಲೆ ಭಾರ ಬಿತ್ತು. ತಿಪ್ಪವ್ವ ನನ್ನನ್ನು ಊರಿಕೊಂಡು ಎದ್ದು ನಿಲ್ಲುತ್ತಿದ್ದಳು. ನಿಂತು, ಒಂದು ಕೈ ಮೇಲೆತ್ತಿದಳು. ಅಳತೆ ನೋಡುವವರ ಹಾಗೆ ಬೆರಳು ನೆಟ್ಟಗೆ ಮಾಡಿದಳು. ಅಂಗಳದ ನಡುವೆ ಚೆಂಡು ಅವಳ ಬೆರಳ ತುದಿಯ ಮಟ್ಟಕ್ಕಿಂತ ಒಂದು ಗೇಣು ಕೆಳಗೆ ಬಂದು ನಿಂತಿತು.

"ಇಳಿಯವ್ವಾ," ಎಂದಳು ತಿಪ್ಪವ್ವ, ಸೊಸೆಯನ್ನು ಗಾಡಿಯಿಂದ ಇಳಿಸುವ ದನಿಯಲ್ಲಿ. "ಇಳಿ, ನಮ್ಮವ್ವ."

ಕೆಳಗೆ ಉಳಿದ ಹನ್ನೊಂದು ಹುಡುಗಿಯರು ಏನು ಮಾಡುತ್ತಿದ್ದರೋ ನಾನು ನೋಡಲಿಲ್ಲ. ಒಬ್ಬಳು ಮಾತ್ರ ಕಂಡಳು. ಶಾವಂತ್ರಿ ತಿರುಗಿರಲಿಲ್ಲ. ಗದ್ದ ಮೇಲೆ, ಕಣ್ಣು ಮೇಲೆ, ಮುಂಗೈ ಎರಡನ್ನೂ ಜೋಡಿಸಿ ನಿಂತಿದ್ದಳು. ಚೆಂಡು ಇಳಿಯಿತು. ಮೊದಲು ಮೆಲ್ಲಗೆ, ಆಮೇಲೆ ಬೇಗ ಬೇಗ. ಅವಳ ಕೈಗೆ ಬಡಿದ ಸದ್ದಿಗೆ ಇಡೀ ಊರು ಬೆಚ್ಚಿ ತಿರುಗಿ ನೋಡಿತು.

"ಬಂತು!" ಎಂದಳು ಶಾವಂತ್ರಿ.

ನಾವು ಎರಡು ಅಂಕದಿಂದ ಸೋತೆವು. ಅದು ಯಾರಿಗೂ ನೆನಪಿರಲಿಲ್ಲ. ಆಟ ಮುಗಿದಿತ್ತು, ಚೆಂಡು ಉಳಿದಿತ್ತು, ಮೂರನೆಯ ವರ್ಷ ಪೂರ್ತಿಯಾಗಿತ್ತು. ಶಾವಂತ್ರಿಯ ಅಪ್ಪ ತಳಕ್ಕೆ ಇಳಿದು ಹೋಗಿ ಮಗಳ ಕೈಯಿಂದ ಚೆಂಡನ್ನು ಇಸಿದುಕೊಂಡು, ಅದನ್ನು ತಲೆಯಿಂದ ಒಂದು ಗೇಣು ಮೇಲಕ್ಕೆ ಬಿಟ್ಟು ಹಿಡಿದ. ಮತ್ತೆ ಬಿಟ್ಟು ಹಿಡಿದ. ಆಮೇಲೆ "ಯಾವಾಗ ಹೋಗಬೇಕಂತ ತರಬೇತಿಗೆ?" ಎಂದು ಕೇಳಿದ.

ಸಂಜೆ ತಿಪ್ಪವ್ವನನ್ನು ಮನೆಗೆ ಮುಟ್ಟಿಸುವಾಗ ನಾನು ಹೇಳಿದೆ, "ನಿನ್ನ ಮಗ ನಿನಗೆ ಎಷ್ಟು ಚೆನ್ನಾಗಿ ಜಾಗ ಮಾಡಿಕೊಟ್ಟ ನೋಡು."

ಅವಳು ನಡುದಾರಿಯಲ್ಲಿ ನಿಂತು ನಕ್ಕಳು. "ನನಗಂತ ತಿಳದ್ರೇನು? ನಾ ಎಷ್ಟು ದಿನದಾಕಿರಿ. ನಾನೂ ಹಂಗ ಕೇಳಿದೆ. 'ಅಲ್ಲಬೇ, ಅಕ್ಕೋರು ಮುಂಜಾನಿಂದ ಸಂಜಿತನಾ ನಿಂತ ಕಲಸ್ತಾರ. ನಿಂತು ಕೆಲಸ ಮಾಡೋರ ಮೊಣಕಾಲು ಮೊದಲ ಹೋಗ್ತಾವ. ಮುಂದ ಅವರು ಕಟ್ಟಿಸಿದ ತಗ್ಗಿಗೆ ಅವರ ಬರಲಾರದಂಗ ಆಗಬಾರದು' ಅಂದ."

ಆಗ ನನಗೆ ಇಪ್ಪತ್ತಾರು ವರ್ಷ. ನನ್ನ ಮೊಣಕಾಲಿನ ಬಗ್ಗೆ ನಾನೇ ಯೋಚಿಸಿರಲಿಲ್ಲ.

ಮರುದಿನ ಎಲೆಅಡಿಕೆ ತೆಗೆದುಕೊಂಡು ಅವನ ಮನೆಗೆ ಹೋದೆ. ಆಡಿದ ಮಾತಿಗೆ ಬೇಸರ ಮಾಡಿಕೊಳ್ಳಬೇಡ ಎಂದು ಕೈಯಲ್ಲಿಡಲು ಹೋದೆ. ಹುಲಗಪ್ಪ ಕೈ ಹಿಂದೆಳೆದುಕೊಂಡ. "ಈಗ ಯಾಕ್ರಿ ಅಕ್ಕೋರ? ಆ ಸಾಲಿನ್ಯಾಗ ನಿಮ್ಮ ಕಾಲು ಹೇಳಿದಾಗ ಬಂದು ಕುಂದರ್ರಿ. ಕುಂತು ಹಿತ ಅನಿಸಿದ್ರ ಆವಾಗ ಕೊಡ್ರಿ. ಕೆಲಸ ಹೆಂಗಾಗೇತಿ ಅಂತ ನೋಡದ ಎಲಿ ಇಸಗೊಂಡ್ರ ಹೆಂಗ?"

ನನ್ನ ಕಾಲು ಹೇಳಿದ್ದು ನಲವತ್ತು ವರ್ಷದ ಮೇಲೆ. ಅಷ್ಟರಲ್ಲಿ ಹುಲಗಪ್ಪ ಇರಲಿಲ್ಲ.

ಈಗ ಹನ್ನೆರಡು ವರ್ಷದಿಂದ ಆ ಸಾಲಿನಲ್ಲಿ ಕುಳಿತುಕೊಳ್ಳುತ್ತಿದ್ದೇನೆ. ಶಾವಂತ್ರಿ ಎಷ್ಟೋ ಊರುಗಳಲ್ಲಿ ಹುಡುಗಿಯರಿಗೆ ಆಟ ಕಲಿಸಿ, ನಿವೃತ್ತಳಾಗಿ ಬಂದು, ನನ್ನ ಪಕ್ಕದಲ್ಲೇ ಕುಳಿತುಕೊಳ್ಳುತ್ತಾಳೆ. ಅವಳೂ ನಿಂತು ಕೆಲಸ ಮಾಡಿದವಳೇ. "ಸರೀರಿ ಅಕ್ಕೋರ, ಇಡೀ ಸಾಲು ನಿಮಗ ಬರದುಕೊಟ್ಟಾರೇನು?" ಎನ್ನುತ್ತಾಳೆ. "ಬರೆದುಕೊಟ್ಟಿದ್ದಾರೆ," ಎನ್ನುತ್ತೇನೆ. ಸುಳ್ಳೇನಲ್ಲ. ತಗ್ಗಿನೊಳಗೆ ಈಗ ಯಾರೂ ಬೆನ್ನು ತಿರುಗಿಸುವುದಿಲ್ಲ. ಚೆಂಡು ಏರಿದಾಗ ಮಕ್ಕಳು ಮುದುಕರು ಎಲ್ಲರೂ ಮುಖ ಎತ್ತಿ ಕಾಯುತ್ತಾರೆ. ರಸ್ತೆಗೆ ಬಂದ ಮೇಲೆ ಮತ್ತೆ ಹಳೆಯ ರೂಢಿಯೇ.

ಮೊನ್ನೆ ಭಾನುವಾರ ಆಟ ಮುಗಿದು ಜನ ಕರಗಿದ ಮೇಲೆ ನಾನು ಏಳದೆ ಕುಳಿತಿದ್ದೆ. ಬಿಸಿಲು ಹಿತವಾಗಿತ್ತು. ಬೆನ್ನು ಒರಗಿಸಿದ ಮಣ್ಣು ತಂಪಾಗಿತ್ತು. ಇಷ್ಟು ವರ್ಷ ಹಿತ ಅನ್ನಿಸಿದರೂ ಹುಲಗಪ್ಪನ ಎಲೆಅಡಿಕೆಯನ್ನು ಯಾಕೆ ಕೊಡಲಿಲ್ಲವೋ ಗೊತ್ತಿಲ್ಲ. ಬಹುಶಃ ಯಾರ ಕೈಗೆ ಕೊಡಬೇಕು ಎಂದು ತಿಳಿದಿರಲಿಲ್ಲ. ಚೀಲದಿಂದ ಎರಡು ಎಲೆ ತೆಗೆದು ಒರೆಸಿ, ಸುಣ್ಣ ಸವರಿ, ಅಡಿಕೆ ಇಟ್ಟು ಮಡಿಸಿ, ಬಿಚ್ಚದ ಹಾಗೆ ದಾರ ಸುತ್ತಿದೆ. ಎದ್ದು ನಿಲ್ಲಲು ಶಾವಂತ್ರಿ ಮೊಣಕೈ ಕೊಟ್ಟಳು.

ನಾನು ಕೈಯೆತ್ತಿ, ಇದ್ದಷ್ಟು ಶಕ್ತಿ ಹಾಕಿ ಅದನ್ನು ಮೇಲಕ್ಕೆ ಎಸೆದೆ. ಅದು ನನ್ನ ಬೆರಳುಗಳನ್ನು ದಾಟಿ ಒಂದು ಕ್ಷಣ ಅನುಮಾನಿಸಿತು. ಆಮೇಲೆ ಅವಸರವಿಲ್ಲದೆ ಹೊರಟಿತು.

"ಹೋತು," ಎಂದಳು ಶಾವಂತ್ರಿ ಮೆಲ್ಲಗೆ. ಮೂರು ತಿಂಗಳು ಬಾವಿಗೆ ಇಳಿಸಿ ನಾನು ತಿರುಗಬೇಡ ಎಂದು ಕಲಿಸಿದವಳು, ತನ್ನ ಜೀವಮಾನವೆಲ್ಲ ಹುಡುಗಿಯರಿಗೆ ಅದನ್ನೇ ಕಲಿಸಿದವಳು, ಈಗ ನಿಧಾನವಾಗಿ ನನಗೆ ಬೆನ್ನು ತಿರುಗಿಸಿ ನಿಂತಳು.

ನಾನು ಕೆಮ್ಮಲು ತುಂಬ ಹೊತ್ತು ತೆಗೆದುಕೊಂಡೆ. ಅವಳು ಅಷ್ಟು ಹೊತ್ತೂ ನಿಂತಿದ್ದಳು.